ಠಾಣೆಯ ಪ್ರತಿ, ಕೋರ್ಟಿನ ನಕಲು: ಕೇಳಿ ಪಡೆಯುವ ಕ್ರಮ

ಬೆಳೆಗಾರರಾದ ನಮಗೆ ಕಾಗದಪತ್ರವೆಂದರೆ ಪಹಣಿ, ಖಾತೆ, ಸಾಲದ ಪಾಸ್‌ಪುಸ್ತಕ ಇಷ್ಟೇ ಎಂಬ ಭಾವನೆಯಿದೆ. ಅಂಗಳದಲ್ಲಿ ಒಣಹಾಕಿದ ಅಡಿಕೆ ಕಳುವಾದಾಗ, ಗೋದಾಮಿನಿಂದ ಕಾಫಿ ಚೀಲಗಳು ಮಾಯವಾದಾಗ, ಬೇಲಿಯ ಬಗ್ಗೆ ನೆರೆಯವರೊಡನೆ ತಕರಾರಾದಾಗ, ಅಣ್ಣತಮ್ಮಂದಿರು ಪಾಲಿಗಾಗಿ ದಾವೆ ಹೂಡಿದಾಗ ಮಾತ್ರ ಪೊಲೀಸ್ ಠಾಣೆಯ ಮತ್ತು ನ್ಯಾಯಾಲಯದ ದಾಖಲೆಗಳ ಬೆಲೆ ತಿಳಿಯುತ್ತದೆ. ಆಗ ಯಾವ ಕಾಗದವನ್ನು ಯಾರಲ್ಲಿ ಕೇಳಬೇಕೆಂದು ತಿಳಿಯದೆ ಅಲೆದಾಡಿ ದಿನ ಕಳೆಯುವವರೇ ಹೆಚ್ಚು. ದಿನ ಕಳೆದರೆ ಕೆಲವೊಮ್ಮೆ ಹಕ್ಕೂ ಕಳೆಯುತ್ತದೆ. ಆದುದರಿಂದ ಈ ಪಾಠದಲ್ಲಿ ನಮ್ಮ ರಾಜ್ಯದ ತಾಲ್ಲೂಕು ಹಾಗೂ ಜಿಲ್ಲಾ ಮಟ್ಟದಲ್ಲಿ ಈ ದಾಖಲೆಗಳನ್ನು ಪಡೆಯುವ ಕ್ರಮವನ್ನು ವಿವರಿಸಲಾಗಿದೆ.

1. ಠಾಣೆಯಲ್ಲಿ ಪಡೆಯಬೇಕಾದುದು

ಕಳವಿನಂತಹ ಸಂಜ್ಞೇಯ ಅಪರಾಧದ ಬಗ್ಗೆ ದೂರು ಕೊಟ್ಟ ಕೂಡಲೇ ಠಾಣೆಯವರು ಪ್ರಥಮ ವರ್ತಮಾನ ವರದಿಯನ್ನು ದಾಖಲಿಸತಕ್ಕದ್ದು. ಇದನ್ನೇ ನಾವು ಎಫ್.ಐ.ಆರ್. ಎನ್ನುವುದು. ಇದರ ಒಂದು ಪ್ರತಿಯನ್ನು ದೂರುದಾರನಿಗೆ ಉಚಿತವಾಗಿ ಕೊಡಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಹೇಳುತ್ತದೆ. ಈ ಸಂಹಿತೆಯು 1973ರ ದಂಡ ಪ್ರಕ್ರಿಯಾ ಸಂಹಿತೆಯ ಸ್ಥಾನದಲ್ಲಿ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಪ್ರತಿ ಕೊಡುವುದು ಉಪಕಾರವಲ್ಲ, ಕಾಯಿದೆಯ ಕರ್ತವ್ಯ. ಪ್ರತಿಯ ಮೇಲೆ ಅಪರಾಧ ಸಂಖ್ಯೆ, ವರ್ಷ, ಠಾಣೆಯ ಹೆಸರು ಇವೆಯೇ ಎಂದು ನೋಡಿಕೊಳ್ಳಿ. ಮುಂದಿನ ಎಲ್ಲ ಹುಡುಕಾಟಕ್ಕೂ ಈ ಸಂಖ್ಯೆಯೇ ಬೀಗದ ಕೈ.

ಘಟನೆ ನಡೆದ ಸ್ಥಳ ಬೇರೆ ಠಾಣೆಗೆ ಸೇರಿದ್ದೆಂಬ ಕಾರಣಕ್ಕೆ ದೂರನ್ನು ತಳ್ಳಿಹಾಕುವಂತಿಲ್ಲ. ದೂರನ್ನು ದಾಖಲಿಸಿಕೊಂಡು ಆ ಠಾಣೆಗೆ ಕಳುಹಿಸಬೇಕು. ದೂರನ್ನು ವಿದ್ಯುನ್ಮಾನ ಮಾರ್ಗದಲ್ಲಿ ಕಳುಹಿಸಿದ್ದರೆ 3 ದಿನಗಳೊಳಗೆ ಹೋಗಿ ಸಹಿ ಹಾಕಬೇಕು.

ದೂರನ್ನು ಸ್ವೀಕರಿಸಲು ನಿರಾಕರಿಸಿದರೆ ಅಲ್ಲಿಯೇ ವಾದಕ್ಕೆ ನಿಲ್ಲಬೇಡಿ. ದೂರಿನ ಸಾರಾಂಶವನ್ನು ಬರೆದು ಜಿಲ್ಲಾ ಪೊಲೀಸ್ ಅಧೀಕ್ಷಕರಿಗೆ ಅಂಚೆಯಲ್ಲಿ ಕಳುಹಿಸಿ, ರಸೀದಿಯನ್ನು ಜೋಪಾನವಾಗಿಡಿ. ಅಲ್ಲಿಯೂ ಫಲ ಸಿಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬಹುದು. ಆಗ ಅಂಚೆಯ ರಸೀದಿಯೇ ಆಧಾರವಾಗುತ್ತದೆ. ಅಸಂಜ್ಞೇಯ ಸ್ವರೂಪದ ದೂರಾದರೆ, ಉದಾಹರಣೆಗೆ ಬರಿಯ ಬೈದಾಟವಾದರೆ, ಎಫ್.ಐ.ಆರ್. ಆಗುವುದಿಲ್ಲ. ಅದರ ಬಗ್ಗೆ ಠಾಣೆಯ ಹಿಂಬರಹವನ್ನು ಕೇಳಿ ಪಡೆಯಿರಿ.

2. ಎಫ್.ಐ.ಆರ್. ಪ್ರತಿ ಕಳೆದುಹೋದರೆ

ಎಫ್.ಐ.ಆರ್.ಗಳನ್ನು 24 ಗಂಟೆಗಳೊಳಗೆ ಪೊಲೀಸ್ ಜಾಲತಾಣದಲ್ಲಿ ಪ್ರಕಟಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2016ರಲ್ಲಿ ಆದೇಶಿಸಿದೆ. ಸಂಪರ್ಕದ ತೊಂದರೆಯಿರುವ ಕಡೆ 72 ಗಂಟೆಗಳವರೆಗೆ ಅವಕಾಶವಿದೆ. ಲೈಂಗಿಕ ಅಪರಾಧ, ಮಕ್ಕಳ ಮೇಲಿನ ಅಪರಾಧ, ಭಯೋತ್ಪಾದನೆ ಮುಂತಾದ ಸೂಕ್ಷ್ಮ ಪ್ರಕರಣಗಳು ಇದಕ್ಕೆ ಹೊರತು. ಜಿಲ್ಲೆ, ಠಾಣೆ, ಸಂಖ್ಯೆ, ವರ್ಷ ತಿಳಿದಿದ್ದರೆ ಹುಡುಕುವುದು ಕಷ್ಟವಲ್ಲ. ತಮ್ಮ ಮೇಲೆಯೇ ದೂರು ದಾಖಲಾಗಿದೆ ಎಂದು ತಿಳಿದವರೂ ಅರ್ಜಿ ಕೊಟ್ಟು ಪ್ರತಿಯನ್ನು ಪಡೆಯಬಹುದು. ಬೇಲಿ ಜಗಳಗಳಲ್ಲಿ ದೂರಿಗೆ ಪ್ರತಿದೂರು ಬೀಳುವುದು ಸಾಮಾನ್ಯವಾದುದರಿಂದ ಇದನ್ನು ನೆನಪಿಡಬೇಕು.

3. ತನಿಖೆಯ ನಂತರದ ಕಾಗದಗಳು

ತನಿಖೆ ಎಲ್ಲಿಗೆ ಬಂತೆಂಬುದನ್ನು 90 ದಿನಗಳೊಳಗೆ ದೂರುದಾರನಿಗೆ ತಿಳಿಸಬೇಕೆಂದು ಸಂಹಿತೆಯ 193ನೇ ಕಲಂ ಹೇಳುತ್ತದೆ. ತನಿಖೆ ಮುಗಿದ ಮೇಲೆ ಪೊಲೀಸರು ದೋಷಾರೋಪಣಾ ಪಟ್ಟಿಯನ್ನಾಗಲಿ ಮುಕ್ತಾಯದ ವರದಿಯನ್ನಾಗಲಿ ನ್ಯಾಯಾಲಯಕ್ಕೆ ಸಲ್ಲಿಸುತ್ತಾರೆ. ನಮ್ಮ ರಾಜ್ಯದಲ್ಲಿ ದೂರು ಸುಳ್ಳೆಂದಾದರೆ 'ಬಿ' ರಿಪೋರ್ಟ್, ಕಳ್ಳರು ಪತ್ತೆಯಾಗದಿದ್ದರೆ 'ಸಿ' ರಿಪೋರ್ಟ್ ಎಂದು ಕರೆಯುವುದು ರೂಢಿ. ಅಡಿಕೆ, ಕಾಳುಮೆಣಸು, ಕಾಫಿ ಕಳವಿನ ದೂರುದಾರರು ಈ ಎರಡನೆಯ ಕಾಗದವನ್ನು ಹೆಚ್ಚಾಗಿ ನೋಡಬೇಕಾಗುತ್ತದೆ. ಪ್ರಕರಣವನ್ನು ಮುಕ್ತಾಯಗೊಳಿಸುವ ಮೊದಲು ಮ್ಯಾಜಿಸ್ಟ್ರೇಟರು ದೂರುದಾರನಿಗೆ ನೋಟೀಸು ಕೊಟ್ಟು ಅವನ ಮಾತನ್ನೂ ಕೇಳಬೇಕೆಂದು ಸರ್ವೋಚ್ಚ ನ್ಯಾಯಾಲಯವು 1985ರಲ್ಲಿಯೇ ತೀರ್ಮಾನಿಸಿದೆ. ನೋಟೀಸು ಬಂದಾಗ ಉಪೇಕ್ಷಿಸಬೇಡಿ. ವರದಿಯ ನಕಲನ್ನು ಪಡೆದು, ಒಪ್ಪಿಗೆಯಾಗದಿದ್ದರೆ ತಕರಾರು ಅರ್ಜಿ ಹಾಕಬಹುದು. ವಿಮೆ ಮಾಡಿಸಿದ್ದರೆ ಕಂಪೆನಿಯವರೂ ಎಫ್.ಐ.ಆರ್. ಜೊತೆಗೆ ಈ ಅಂತಿಮ ವರದಿಯನ್ನು ಕೇಳುವುದುಂಟು.

ಕಳವಾದ ಮಾಲು ಸಿಕ್ಕಿದರೆ ಮತ್ತೊಂದು ಕೆಲಸವಿದೆ. ಜಪ್ತಿಯಾದ ಅಡಿಕೆ ಮಳೆಗಾಲದಲ್ಲಿ ಠಾಣೆಯ ಮೂಲೆಯಲ್ಲಿ ಉಳಿದರೆ ಬೂಸ್ಟು ಹಿಡಿಯುತ್ತದೆ, ಕಾಫಿ ತೇವ ಎಳೆದುಕೊಳ್ಳುತ್ತದೆ. ಕೇಸು ಗೆದ್ದರೂ ಮಾಲು ಹಾಳು. ಆದುದರಿಂದ ಜಪ್ತಿ ಮಹಜರಿನ ನಕಲನ್ನು ಪಡೆದು, ವಿಚಾರಣೆ ಮುಗಿಯುವ ಮೊದಲೇ ಮಾಲನ್ನು ತಮ್ಮ ವಶಕ್ಕೆ ಕೊಡುವಂತೆ ಮ್ಯಾಜಿಸ್ಟ್ರೇಟರಲ್ಲಿ ಅರ್ಜಿ ಹಾಕಬೇಕು. ಮಾಲು ತಮ್ಮದೆಂದು ತೋರಿಸಲು ಚೀಲದ ಗುರುತು, ತೂಕದ ಚೀಟಿ, ಸಂಘದ ರಸೀದಿ ಉಪಯೋಗಕ್ಕೆ ಬರುತ್ತವೆ.

4. ನ್ಯಾಯಾಲಯದ ದಾಖಲೆ ಹುಡುಕುವುದು

ಮೊದಲು ಬೇಕಾದುದು ಪ್ರಕರಣದ ಸಂಖ್ಯೆ. ಸಿವಿಲ್ ದಾವೆಗೆ ಅಸಲು ದಾವೆ ಸಂಖ್ಯೆ, ಕ್ರಿಮಿನಲ್ ಪ್ರಕರಣಕ್ಕೆ ಸಿ.ಸಿ. ನಂಬರು ಇರುತ್ತದೆ. ಸಂಖ್ಯೆ ಮರೆತಿದ್ದರೆ ಇ-ಕೋರ್ಟ್ಸ್ ಜಾಲತಾಣದಲ್ಲಿ ಕಕ್ಷಿದಾರರ ಹೆಸರು, ವಕೀಲರ ಹೆಸರು ಅಥವಾ ಎಫ್.ಐ.ಆರ್. ಸಂಖ್ಯೆಯಿಂದ ಹುಡುಕಬಹುದು. ಪ್ರತಿ ಪ್ರಕರಣಕ್ಕೂ 16 ಅಕ್ಷರ-ಅಂಕಿಗಳ ಸಿ.ಎನ್.ಆರ್. ಸಂಖ್ಯೆಯಿದ್ದು, ಅದೊಂದನ್ನು ಬರೆದಿಟ್ಟುಕೊಂಡರೆ ಮುಂದಿನ ತಾರೀಖು, ಆದೇಶ ಎಲ್ಲವನ್ನೂ ಮನೆಯಲ್ಲಿಯೇ ನೋಡಬಹುದು. ಆದರೆ ಜಾಲತಾಣದಿಂದ ಇಳಿಸಿಕೊಂಡ ಆದೇಶ ಓದಿ ತಿಳಿಯುವುದಕ್ಕೆ ಮಾತ್ರ. ಕಚೇರಿಗೆ, ಬ್ಯಾಂಕಿಗೆ, ಮೇಲಿನ ಕೋರ್ಟಿಗೆ ಹಾಜರುಪಡಿಸಲು ದೃಢೀಕೃತ ನಕಲೇ ಬೇಕು.

ದೃಢೀಕೃತ ನಕಲೆಂದರೆ ಕೊನೆಯಲ್ಲಿ 'ಇದು ನಿಜ ಪ್ರತಿ' ಎಂಬ ಒಕ್ಕಣೆ, ತಾರೀಖು, ಅಧಿಕಾರಿಯ ಸಹಿ, ಹೆಸರು, ಹುದ್ದೆ ಹಾಗೂ ಮೊಹರು ಇರುವ ಪ್ರತಿ. ಇದನ್ನು ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 75ನೇ ಕಲಂ ವಿಧಿಸುತ್ತದೆ. ಅರ್ಜಿಯನ್ನು ಆ ನ್ಯಾಯಾಲಯದ ನಕಲು ವಿಭಾಗಕ್ಕೆ ಕೊಡಬೇಕು. ವಕೀಲರ ಮೂಲಕವೂ ಕೊಡಬಹುದು, ಕಕ್ಷಿದಾರರೇ ಕೊಡಲೂಬಹುದು. ಪ್ರಕರಣಕ್ಕೆ ಸೇರದವರು ತಮಗೆ ನಕಲು ಏಕೆ ಬೇಕೆಂಬುದನ್ನು ಪ್ರಮಾಣಪತ್ರದೊಡನೆ ತಿಳಿಸಿ ಅನುಮತಿ ಪಡೆಯಬೇಕಾಗುತ್ತದೆ.

ಅರ್ಜಿಯ ಒಕ್ಕಣೆ ಹೀಗಿದ್ದರೆ ಸಾಕು: "ಮಾನ್ಯ ನ್ಯಾಯಾಲಯದ ಅಸಲು ದಾವೆ ಸಂಖ್ಯೆ ... / ... ರಲ್ಲಿ ನಾನು ವಾದಿಯಾಗಿದ್ದು, ದಿನಾಂಕ ... ರಂದು ಆದ ತೀರ್ಪು ಹಾಗೂ ಡಿಕ್ರಿಯ ದೃಢೀಕೃತ ನಕಲು ಮೇಲ್ಮನವಿಗಾಗಿ ಬೇಕಾಗಿದೆ. ತಗಲುವ ಶುಲ್ಕವನ್ನು ಕೊಡಲು ಸಿದ್ಧನಿದ್ದೇನೆ. ದಯವಿಟ್ಟು ಒದಗಿಸಬೇಕಾಗಿ ಪ್ರಾರ್ಥನೆ."

5. ದಿನಗಳ ಲೆಕ್ಕ

ಈ ಭಾಗವನ್ನು ಎರಡು ಸಲ ಓದಿಕೊಳ್ಳಿ. ಸಿವಿಲ್ ಡಿಕ್ರಿಯ ಮೇಲೆ ಹೈಕೋರ್ಟಿಗೆ ಅಪೀಲು ಮಾಡಲು 90 ದಿನ, ಇತರ ಮೇಲಿನ ನ್ಯಾಯಾಲಯಕ್ಕೆ 30 ದಿನ ಅವಧಿ. 1963ರ ಕಾಲಪರಿಮಿತಿ ಕಾಯಿದೆಯ 12ನೇ ಕಲಮಿನಂತೆ ತೀರ್ಪಿನ ದಿನವನ್ನೂ ನಕಲು ಪಡೆಯಲು ತಗಲಿದ ಕಾಲವನ್ನೂ ಈ ಅವಧಿಯಿಂದ ಬಿಡಲಾಗುತ್ತದೆ.

ಉದಾಹರಣೆಗೆ, ಜೂನ್ 1ರಂದು ತೀರ್ಪಾಯಿತು. 30 ದಿನಗಳ ಅವಧಿ ಜುಲೈ 1ಕ್ಕೆ ಮುಗಿಯಬೇಕು. ಜೂನ್ 11ರಂದು ನಕಲಿಗೆ ಅರ್ಜಿ ಕೊಟ್ಟು, ಜೂನ್ 25ರಂದು ನಕಲು ಸಿದ್ಧವಾಯಿತೆಂದರೆ ಆ 15 ದಿನಗಳು ಲೆಕ್ಕಕ್ಕಿಲ್ಲ. ಅಪೀಲಿಗೆ ಜುಲೈ 16ರವರೆಗೆ ಅವಕಾಶ ಸಿಗುತ್ತದೆ. ಅರ್ಜಿಯನ್ನೇ ಜುಲೈ 5ರಂದು ಕೊಟ್ಟರೆ ಒಂದು ದಿನದ ವಿನಾಯಿತಿಯೂ ಇಲ್ಲ, ಏಕೆಂದರೆ ಅವಧಿ ಆಗಲೇ ಮುಗಿದಿದೆ. ಅನಂತರ ವಿಳಂಬಕ್ಕೆ ತಕ್ಕ ಕಾರಣ ತೋರಿಸಿ ನ್ಯಾಯಾಲಯದ ಕ್ಷಮೆ ಕೇಳುವುದೊಂದೇ ದಾರಿ. ಶುಲ್ಕ ಕಟ್ಟಲು ಸೂಚನೆ ಬಂದ ಮೇಲೆ ನಾವು ಮಾಡುವ ತಡವೂ, ನಕಲು ಸಿದ್ಧವಾದ ಮೇಲೆ ತರಲು ಹೋಗದೆ ಕಳೆದ ದಿನಗಳೂ ನಮ್ಮ ಲೆಕ್ಕಕ್ಕೇ ಬೀಳುತ್ತವೆ. ಆದುದರಿಂದ ಅಪೀಲು ಮಾಡುವುದೋ ಬಿಡುವುದೋ ಎಂಬ ಯೋಚನೆ ಆಮೇಲಿರಲಿ, ನಕಲಿನ ಅರ್ಜಿ ಮೊದಲು ಹೋಗಲಿ.

6. ಹಳೆಯ ಕಾಗದಗಳು

ಅಜ್ಜನ ಕಾಲದ ಪಾಲಿನ ಡಿಕ್ರಿ ಬೇಕೆಂದು ಕೇಳುವವರಿದ್ದಾರೆ. ವಿಲೇವಾರಿಯಾದ ಕಡತಗಳು ನ್ಯಾಯಾಲಯದ ದಾಖಲೆ ಕೊಠಡಿಯಲ್ಲಿರುತ್ತವೆ. ಆದರೆ ಕಡತದ ಎಲ್ಲ ಹಾಳೆಗಳನ್ನೂ ಶಾಶ್ವತವಾಗಿ ಇಡುವುದಿಲ್ಲ. ನಿಯಮದಂತೆ ಕಾಲಕಾಲಕ್ಕೆ ನಾಶಮಾಡುವುದುಂಟು. 1956ರ ನವೆಂಬರ್ 1ಕ್ಕೆ ಮೊದಲು ದಕ್ಷಿಣ ಕನ್ನಡವು ಮದರಾಸಿಗೂ ಉತ್ತರ ಕನ್ನಡವು ಮುಂಬಯಿಗೂ ಸೇರಿದ್ದುದರಿಂದ, ಅಂದಿನ ಅಪೀಲಿನ ಕಾಗದಗಳಲ್ಲಿ ಆ ಹೈಕೋರ್ಟುಗಳ ಹೆಸರಿದ್ದರೆ ಗಾಬರಿಯಾಗಬೇಕಿಲ್ಲ. ಇನ್ನು ಗೇಣಿದಾರರ ಭೂ ನ್ಯಾಯಮಂಡಳಿಯ ಆದೇಶವನ್ನು ಕೋರ್ಟಿನಲ್ಲಿ ಹುಡುಕಿ ಫಲವಿಲ್ಲ. ಅದನ್ನು ತಾಲ್ಲೂಕು ಕಚೇರಿಯಲ್ಲಿ ಕೇಳಬೇಕು.

7. ಮಾಹಿತಿ ಹಕ್ಕು ಎಲ್ಲಿ, ಎಷ್ಟು?

2005ರ ಮಾಹಿತಿ ಹಕ್ಕು ಅಧಿನಿಯಮದಂತೆ 10 ರೂಪಾಯಿ ಶುಲ್ಕದೊಡನೆ ಅರ್ಜಿ ಕೊಟ್ಟರೆ 30 ದಿನಗಳೊಳಗೆ ಉತ್ತರ ಬರಬೇಕು. ತಮ್ಮ ದೂರಿನ ಮೇಲೆ ಯಾವ ಕ್ರಮವಾಯಿತು ಎಂಬುದನ್ನು ಪೊಲೀಸ್ ಇಲಾಖೆಯಿಂದ ತಿಳಿಯಲು ಇದು ಅನುಕೂಲ. ತನಿಖೆಗೆ ಅಡ್ಡಿಯಾಗುವ ಮಾಹಿತಿಯನ್ನು ನಿರಾಕರಿಸಬಹುದು. ಉತ್ತರ ಬಾರದಿದ್ದರೆ 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಬೇಕು. ನ್ಯಾಯಾಲಯದ ಪ್ರಕರಣದ ನಕಲಿಗೆ ಈ ದಾರಿ ಸಲ್ಲದು. ಅದಕ್ಕೆ ನ್ಯಾಯಾಲಯದ ನಿಯಮದಂತೆಯೇ ಅರ್ಜಿ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಸ್ಪಷ್ಟಪಡಿಸಿದೆ.

ವಕೀಲರನ್ನು ಇಡಲು ಅನುಕೂಲವಿಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಡಿಮೆ ವರಮಾನದವರು ಉಚಿತ ನೆರವಿಗೆ ಅರ್ಹರು. ನಮ್ಮ ತೋಟದ ಕೂಲಿಕಾರರಿಗೂ ಇದನ್ನು ತಿಳಿಸಿ ಹೇಳಬೇಕು.

ಪಡೆದ ಪ್ರತಿಯೊಂದು ಕಾಗದವನ್ನೂ, ಕೊಟ್ಟ ಪ್ರತಿಯೊಂದು ಅರ್ಜಿಯ ರಸೀದಿಯನ್ನೂ ತಾರೀಖಿನ ಕ್ರಮದಲ್ಲಿ ಒಂದೇ ಕಟ್ಟಿನಲ್ಲಿಡಿ. ಮೊದಲ ಹಾಳೆಯಲ್ಲಿ ಅಪರಾಧ ಸಂಖ್ಯೆ, ಪ್ರಕರಣದ ಸಂಖ್ಯೆ, ಮುಂದಿನ ತಾರೀಖು ಬರೆದಿಡಿ. ಮನೆಯ ಇನ್ನೊಬ್ಬರಿಗೂ ಆ ಕಟ್ಟು ಎಲ್ಲಿದೆಯೆಂದು ತಿಳಿದಿರಲಿ.