ಚೆಕ್‌ಪೋಸ್ಟಿನಿಂದ ಪರ್ಷಿಯಾದವರೆಗೆ

ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ಹೆದ್ದಾರಿಯಲ್ಲಿ, ತಮಿಳುನಾಡಿನ ಗಡಿಗೆ ಮುಂಚೆ ಸಿಗುವ ಪುಣಜನೂರು ಎಂದರೆ ಬಹಳ ಜನರಿಗೆ ಚೆಕ್‌ಪೋಸ್ಟು. ಈ ಭಾಗದ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತ ನಾನು ಕಲಿತದ್ದರಲ್ಲಿ ಹೆಚ್ಚಿನದು ಆ ‘ಚೆಕ್’ನಿಂದಲೇ.

1. ಅರ್ಥಗಳ ಪಟ್ಟಿ ಬರೆಸಿದರೆ ಪದ ಬಾರದು

ಮೊದಮೊದಲು ಹಲಗೆಯ ಮೇಲೆ ಸಾಲಾಗಿ ಬರೆಯುತ್ತಿದ್ದೆ: ಪರೀಕ್ಷಿಸು, ತಡೆ, ಬ್ಯಾಂಕಿನ ಚೆಕ್ಕು, ಚೌಕುಳಿ ಬಟ್ಟೆ. ಮಕ್ಕಳು ಬಾಯಿಪಾಠ ಒಪ್ಪಿಸುತ್ತಿದ್ದರು, ಪರೀಕ್ಷೆ ಮುಗಿದೊಡನೆ ಮರೆಯುತ್ತಿದ್ದರು. ನಂಟೇ ಕಾಣದ ಇಷ್ಟು ಅರ್ಥಗಳು ಒಂದು ಪದಕ್ಕೆ ಹೇಗೆ ಬಂದವೆಂದು ನಾನೇ ವಿಚಾರಿಸಿರಲಿಲ್ಲ. ಪೋಡಿನಿಂದ ಬರುತ್ತಿದ್ದ ಸೋಲಿಗರ ಹುಡುಗಿಯೊಬ್ಬಳು ಕೇಳಿದಳು: “ಬ್ಯಾಂಕಿನ ಚೆಕ್ಕು, ಗೇಟಿನ ಚೆಕ್ಕು ಎರಡೂ ಒಂದೇಯಾ ಸಾ?” ನನ್ನಲ್ಲಿ ಉತ್ತರವಿರಲಿಲ್ಲ.

2. ಮೊದಲು ಕಥೆ, ಆಮೇಲೆ ಅರ್ಥ

ಎರಡೂ ಒಂದೇ. ಮೂಲ ಪರ್ಷಿಯನ್ನಿನ ‘ಶಾಹ್’, ಅಂದರೆ ರಾಜ. ನಮ್ಮ ಚತುರಂಗ ಪರ್ಷಿಯಾದಲ್ಲಿ ಚತ್ರಂಗ್ ಆಯಿತು, ಅರಬ್ಬರಲ್ಲಿ ಶತ್ರಂಜ್ ಆಯಿತು. ಎದುರಾಳಿಯ ರಾಜ ಅಪಾಯಕ್ಕೆ ಸಿಕ್ಕಾಗ ಆಟಗಾರ ‘ಶಾಹ್’ ಎಂದು ಎಚ್ಚರಿಸುತ್ತಿದ್ದ. ಆ ಕೂಗೇ ಅರಬ್ಬಿ, ಲ್ಯಾಟಿನ್, ಹಳೆಯ ಫ್ರೆಂಚ್ ದಾಟಿ ಇಂಗ್ಲಿಷಿನಲ್ಲಿ ಚೆಕ್ ಆಯಿತು. ‘ಚೆಸ್’ ಎಂಬುದು ಅದೇ ಫ್ರೆಂಚ್ ಪದದ ಬಹುವಚನ.

ಚೆಕ್ ಬಿತ್ತೆಂದರೆ ಉಳಿದ ಲೆಕ್ಕಾಚಾರ ಬಿಟ್ಟು ರಾಜನನ್ನು ಕಾಯಬೇಕು. ಹಾಗಾಗಿ ಚೆಕ್ ಎಂದರೆ ಥಟ್ಟನೆ ಬೀಳುವ ತಡೆ. ತಡೆದು ನಿಲ್ಲಿಸಿದ ಮೇಲೆ ಒಳಗೇನಿದೆ ಎಂದು ನೋಡುತ್ತಾರೆ, ಹಾಗೆ ತಪಾಸಣೆ. ಪುಣಜನೂರಿನಲ್ಲಿ ಕಬ್ಬಿನ ಲಾರಿಗೆ ಆಗುವುದೂ ಇದೇ ಕ್ರಮದಲ್ಲಿ. ಹಳ್ಳದ ನೀರು ಹಿಡಿಯುವ ಚೆಕ್ ಡ್ಯಾಮಿನಲ್ಲಿ ಮಾತ್ರ ಹಳೆಯ ಅರ್ಥವೇ ಉಳಿದಿದೆ. ಅಲ್ಲಿ ತಡೆಯುಂಟು, ತಪಾಸಣೆಯಿಲ್ಲ.

ಚದುರಂಗದ ಹಾಸಿನ ಮನೆಗಳಿಂದ ಚೆಕ್ಸ್ ಅಂಗಿ ಬಂತು. 12ನೇ ಶತಮಾನದ ಇಂಗ್ಲೆಂಡಿನಲ್ಲಿ ರಾಜನ ಲೆಕ್ಕದವರು ಚೌಕುಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಬಿಲ್ಲೆಗಳನ್ನಿಟ್ಟು ಕಂದಾಯ ಎಣಿಸುತ್ತಿದ್ದರು. ಆ ಹಾಸಿನಿಂದ ಖಜಾನೆಗೇ ಎಕ್ಸ್‌ಚೆಕರ್ ಎಂಬ ಹೆಸರಾಯಿತು. 18ನೇ ಶತಮಾನದಲ್ಲಿ ಹಣದ ಪತ್ರಗಳಲ್ಲಿ ಮೋಸ ತಡೆಯಲು ಇಟ್ಟುಕೊಳ್ಳುತ್ತಿದ್ದ ಕೌಂಟರ್‌ಫಾಯಿಲನ್ನು ಚೆಕ್ ಎಂದರು, ಕ್ರಮೇಣ ಪತ್ರವೇ ಚೆಕ್ಕಾಯಿತು. ಎಕ್ಸ್‌ಚೆಕರಿನ ಪ್ರಭಾವದಿಂದ ಅದರ ಕಾಗುಣಿತವೂ ಬದಲಾಯಿತು. ಅಮೆರಿಕದವರು ಹಳೆಯದನ್ನೇ ಬರೆಯುತ್ತಾರೆ.

3. ಕಿವಿಗೆ ಒಂದೇ ಎನಿಸಿದ್ದೆಲ್ಲ ನೆಂಟರಲ್ಲ

ಇಷ್ಟು ತಿಳಿದ ಹುರುಪಿನಲ್ಲಿ, ಜಮೀನಿನ ಪತ್ರದ ಚೆಕ್ಕುಬಂದಿಯೂ ಇಂಗ್ಲಿಷಿನ ಚೆಕ್‌ನಿಂದಲೇ ಬಂದದ್ದೆಂದು ತರಗತಿಯಲ್ಲಿ ಹೇಳಿಬಿಟ್ಟೆ. ಎಲ್ಲೆಯೂ ಒಂದು ತಡೆಯಲ್ಲವೇ ಎಂಬ ವಿವರಣೆಯನ್ನೂ ಸೇರಿಸಿದೆ. ಹುಡುಗನೊಬ್ಬ ಅದನ್ನು ಮನೆಗೆ ಒಯ್ದ. ಅವನ ತಾತ ಪತ್ರ ಬರಹಗಾರರು. ಮರುದಿನ ಅವರೇ ಬಂದು, ಕಂದಾಯದ ಹಳೆಯ ಭಾಷೆಯಲ್ಲಿ ‘ಚಕ್’ ಎಂದರೆ ಜಮೀನಿನ ತುಂಡು, ಅದರ ಎಲ್ಲೆ ಗೊತ್ತುಮಾಡುವುದು ಚಕ್‌ಬಂದಿ ಎಂದು ಸಮಾಧಾನವಾಗಿ ತಿಳಿಸಿದರು. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಓಣಿ ಎಂದು ಬರೆಯುತ್ತಲೇ ಬಂದವರು ಅವರು. ಮಕ್ಕಳ ಮುಂದೆಯೇ ನನ್ನ ಮಾತು ತಿದ್ದಿಕೊಂಡೆ.

4. ಬಾಯಿಂದ ಬಾಯಿಗೆ ಬಂದ ಅರ್ಥಕ್ಕೆ ನಿಘಂಟು ತೆರೆಯಬೇಕು

ಚೆಕ್‌ಮೇಟ್ ಎಂದರೆ ‘ರಾಜ ಸತ್ತ’ ಎಂದೇ ಕಲಿಸುತ್ತಿದ್ದೆ. ಪರ್ಷಿಯನ್ನಿನ ‘ಮಾತ್’ಗೆ ದಿಕ್ಕುಗೆಟ್ಟ, ನಿಸ್ಸಹಾಯಕ ಎಂಬ ಅರ್ಥವಿದೆ. ಅರಬ್ಬಿಯ ‘ಸತ್ತ’ ಎಂಬ ಪದ ಕೇಳಲು ಅದರಂತೆಯೇ ಇರುವುದರಿಂದ ಈ ಗೊಂದಲ.

5. ದೂರದ ಕಥೆಗೆ ಊರಿನ ತುದಿಯೊಂದು ಬೇಕು

ಅರಿಕುಠಾರವೆಂಬ ಊರಿಗೆ 1818ರಲ್ಲಿ ತಂದೆಯ ಹೆಸರಿಟ್ಟು ಚಾಮರಾಜನಗರ ಮಾಡಿದ ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗಪ್ರಿಯರು. ಕುದುರೆ ಅರವತ್ತನಾಲ್ಕು ಮನೆಗಳನ್ನೂ ಒಂದೊಂದು ಸಲವಷ್ಟೇ ಮುಟ್ಟುವ ನಡೆಗಳನ್ನು ರಚಿಸಿದವರು. ಇದನ್ನು ಹೇಳಿದಾಗ ಮಕ್ಕಳಿಗೆ ಪರ್ಷಿಯಾ ಅಷ್ಟು ದೂರವೆನಿಸುವುದಿಲ್ಲ. ಈಗ ಹಾಸು, ಕಾಯಿ ಮುಂದಿಟ್ಟುಕೊಂಡೇ ಪಾಠ ಶುರುಮಾಡುತ್ತೇನೆ. ಆಟ ಬಾರದವರಿಗೆ ಮೊದಲು ಆಟವನ್ನೇ ಕಲಿಸಬೇಕು. ಒಂದು ಪೀರಿಯಡ್ಡು ಅದಕ್ಕೇ ಹೋಗುತ್ತದೆ.