ಆಕ್ಸೆಸ್‌ನಲ್ಲಿ ಸಂಘದ ಲೆಕ್ಕ: ಮಾಡಬೇಕಾದ್ದು, ಮಾಡಬಾರದ್ದು

ಪತ್ತಿನ ಸಹಕಾರ ಸಂಘದ ಸದಸ್ಯತ್ವ, ಸಾಲ, ಕಂತುಗಳನ್ನು ಲೆಡ್ಜರಿನಿಂದ ಮೈಕ್ರೋಸಾಫ್ಟ್ ಆಕ್ಸೆಸ್‌ಗೆ ತರಲು ಕಲಿಯುತ್ತಿರುವ ಸಿಬ್ಬಂದಿಗೆ ಈ ಸೂಚನೆ. ಟೇಬಲ್‌ಗಳ ರಚನೆ ತಪ್ಪಿದರೆ ಒಬ್ಬರು ಕಟ್ಟಿದ ಕಂತು ಇನ್ನೊಬ್ಬರ ಖಾತೆಗೆ ಬೀಳುತ್ತದೆ, ತೀರಿದ ಸಾಲಕ್ಕೆ ನೋಟಿಸ್ ಹೋಗುತ್ತದೆ.

ಮಾಡಬೇಕಾದ್ದು

• ಯಾವ ವರದಿ, ಯಾರಿಗೆ, ಎಷ್ಟು ದಿನಕ್ಕೊಮ್ಮೆ ಬೇಕು ಎಂಬುದನ್ನು ಮೊದಲು ಕಾಗದದ ಮೇಲೆ ಬರೆಯಿರಿ.

• ಕೌಂಟರಿನಲ್ಲಿ ರಸೀದಿ ಬರೆಯುವವರನ್ನು ಕೇಳಿ. ಲೆಡ್ಜರಿನಲ್ಲಿ ಕಾಣದ ಎಷ್ಟೋ ಸಂಗತಿ ಅವರಿಗೆ ಗೊತ್ತು.

• ಸದಸ್ಯರು, ಸಾಲಗಳು, ಕಂತುಗಳು: ಒಂದೊಂದಕ್ಕೂ ಬೇರೆ ಟೇಬಲ್ ಮಾಡಿ.

• ಪ್ರತಿ ಟೇಬಲ್‌ಗೂ ಪ್ರೈಮರಿ ಕೀ ಕೊಡಿ. ಆಟೋನಂಬರ್ ಸಾಕು.

• ಸಾಲದ ಟೇಬಲ್‌ನಲ್ಲಿ ಸದಸ್ಯರ ಹೆಸರಿನ ಬದಲು ಅವರ ಕೀ ಇಡಿ.

• ಟೇಬಲ್‌ಗಳನ್ನು ರಿಲೇಶನ್‌ಶಿಪ್ಸ್‌ನಲ್ಲಿ ಜೋಡಿಸಿ, ರೆಫರೆನ್ಷಿಯಲ್ ಇಂಟೆಗ್ರಿಟಿಗೆ ಟಿಕ್ ಹಾಕಿ. ಸದಸ್ಯರ ಪಟ್ಟಿಯಲ್ಲಿಲ್ಲದ ಸಂಖ್ಯೆಗೆ ಸಾಲ ಬರೆದರೆ ಆಗ ಆಕ್ಸೆಸ್ ಒಪ್ಪುವುದಿಲ್ಲ.

• ಸಾಲದ ಟೇಬಲ್‌ನಲ್ಲಿರುವ ಸದಸ್ಯರ ಕೀ ಫೀಲ್ಡ್ ಖಾಲಿ ಉಳಿಯದಂತೆ ‘ರಿಕ್ವೈರ್ಡ್’ ಮಾಡಿ. ಖಾಲಿ ಬಿಟ್ಟ ರೆಕಾರ್ಡ್ ಈ ಕಾವಲನ್ನು ದಾಟಿಬಿಡುತ್ತದೆ.

• ಹಣಕ್ಕೆ ಕರೆನ್ಸಿ ಟೈಪ್ ಕೊಡಿ.

• ಮೊಬೈಲ್, ಬ್ಯಾಂಕ್ ಖಾತೆ ಸಂಖ್ಯೆಗಳಿಗೆ ಶಾರ್ಟ್ ಟೆಕ್ಸ್ಟ್ ಕೊಡಿ. ಲಾಂಗ್ ಇಂಟಿಜರ್ 2,14,74,83,647ಕ್ಕೆ ನಿಲ್ಲುತ್ತದೆ. ನಮ್ಮ ಮೊಬೈಲ್ ಸಂಖ್ಯೆ ಅದರಲ್ಲಿ ಹಿಡಿಯದು. ಖಾತೆ ಸಂಖ್ಯೆಯ ಆರಂಭದ ಸೊನ್ನೆಗಳೂ ಹಾರಿಹೋಗುತ್ತವೆ.

• ಕನ್ನಡದ ಹೆಸರುಗಳನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ನಮ್ಮ ಕಚೇರಿಗಳಲ್ಲಿ ಹೆಚ್ಚು ಹಾನಿ ಮಾಡುವುದು ಹಾಗೆ ಮಾಡದಿರುವುದೇ. ನುಡಿ, ಬರಹಗಳ ಹಳೆಯ ಫಾಂಟ್‌ನಲ್ಲಿ ಹೊಡೆದ ಹೆಸರು ಕಣ್ಣಿಗೆ ಮಾತ್ರ ಕನ್ನಡ. ಫೈಲಿನೊಳಗೆ ಅದು ರೋಮನ್ ಅಕ್ಷರ, ಚಿಹ್ನೆಗಳ ರಾಶಿ. ಅಕಾರಾದಿಯಾಗಿ ಜೋಡಿಸಲಾಗದು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಓದಲೂ ಆಗದು.

• ಹಳೆಯ ಪಟ್ಟಿಯನ್ನು ಯೂನಿಕೋಡ್‌ಗೆ ಪರಿವರ್ತಿಸಿದ ಮೇಲೆ ಒತ್ತಕ್ಷರಗಳನ್ನು ಒಂದೊಂದಾಗಿ ಕಣ್ಣಾರೆ ನೋಡಿ. ಇಂಪೋರ್ಟ್ ಆಮೇಲೆ.

• ಇಬ್ಬರಿಗಿಂತ ಹೆಚ್ಚು ಜನ ಬಳಸದಿದ್ದರೂ ಡೇಟಾಬೇಸನ್ನು ಸ್ಪ್ಲಿಟ್ ಮಾಡಿ: ಟೇಬಲ್‌ಗಳ ಫೈಲ್ ಸರ್ವರಿನಲ್ಲಿ, ಫಾರ್ಮ್‌ಗಳ ಫೈಲ್ ಪ್ರತಿಯೊಬ್ಬರ ಕಂಪ್ಯೂಟರಿನಲ್ಲಿ.

• ಸಂಜೆ ಎಲ್ಲರೂ ಫೈಲಿನಿಂದ ಹೊರಬಂದ ಮೇಲೆ ಬ್ಯಾಕಪ್ ತೆಗೆಯಿರಿ.

• ವಾರಕ್ಕೊಮ್ಮೆ ಆ ಬ್ಯಾಕಪ್ ತೆರೆದು ನೋಡಿ. ತೆರೆಯದ ಬ್ಯಾಕಪ್ ಇದ್ದೂ ಇಲ್ಲದಂತೆ.

ಮಾಡಬಾರದ್ದು

• ಕಂತು1, ಕಂತು2, ಕಂತು3 ಎಂದು ಕಂತು12ರವರೆಗೆ ಫೀಲ್ಡ್‌ಗಳು ಬೇಡ. ಹದಿಮೂರನೇ ಕಂತು ಬಂದ ದಿನ ಟೇಬಲ್ ಒಡೆಯಬೇಕಾಗುತ್ತದೆ.

• ವರ್ಷಕ್ಕೊಂದು ಟೇಬಲ್ ಮಾಡಬಾರದು.

• ಆಧಾರ್ ಸಂಖ್ಯೆಯನ್ನು ಪ್ರೈಮರಿ ಕೀ ಮಾಡಬಾರದು.

• ವಯಸ್ಸಿಗೆ ಫೀಲ್ಡ್ ಬೇಡ. ಜನ್ಮದಿನಾಂಕದಿಂದ ಕ್ವೆರಿ ಲೆಕ್ಕ ಹಾಕುತ್ತದೆ.

• ಹಣಕ್ಕೆ ಡಬಲ್ ಟೈಪ್ ಬೇಡ. ಪೈಸೆ ಕೂಡುವುದಿಲ್ಲ.

• ಕ್ಯಾಸ್ಕೇಡ್ ಡಿಲೀಟ್ ಬೇಡ, ಯಾರು ಹೇಳಿದರೂ ಬೇಡ. ಒಬ್ಬ ಸದಸ್ಯರನ್ನು ಅಳಿಸಿದರೆ ಅವರ ಸಾಲ, ಕಂತುಗಳ ಇತಿಹಾಸವೆಲ್ಲ ಜೊತೆಗೇ ಹೋಗುತ್ತದೆ.

• ಟೇಬಲ್ ತೆರೆದು ನೇರವಾಗಿ ನಮೂದು ಮಾಡಬಾರದು. ಫಾರ್ಮ್ ಇರುವುದೇ ಅದಕ್ಕೆ.

• ಎಸ್‌ಕ್ಯೂಎಲ್‌ನಲ್ಲಿ ಜುಲೈ 4ಕ್ಕೆ #04/07/2025# ಬೇಡ. ಆಕ್ಸೆಸ್ ಅದನ್ನು ಏಪ್ರಿಲ್ 7 ಎಂದು ಓದುತ್ತದೆ, ಎಚ್ಚರಿಕೆಯನ್ನೂ ಕೊಡುವುದಿಲ್ಲ.

• ಟೇಬಲ್‌ಗಳ ಫೈಲನ್ನು ವೈಫೈ ಮೂಲಕ ತೆರೆಯುವುದು ಬೇಡ. ಬರೆಯುವಾಗ ಸಂಪರ್ಕ ಕಡಿದರೆ ಫೈಲ್ ಕೆಡಬಹುದು. ಕೇಬಲ್ ಎಳೆಸಿ.

• ಅದೇ ಫೈಲನ್ನು ಒನ್‌ಡ್ರೈವ್, ಗೂಗಲ್ ಡ್ರೈವ್‌ಗಳ ಸಿಂಕ್ ಫೋಲ್ಡರಿನಲ್ಲಿಟ್ಟು ಹಂಚಿಕೊಳ್ಳುವುದು ಬೇಡ.

• ಸದಸ್ಯರ ಫೋಟೋ, ಸ್ಕ್ಯಾನ್ ಮಾಡಿದ ದಾಖಲೆಗಳನ್ನು ಟೇಬಲ್‌ನೊಳಗೆ ತುಂಬುವುದು ಬೇಡ. ಫೈಲಿನ ಮಿತಿ 2 ಜಿಬಿ.

• ಪಾಸ್‌ವರ್ಡ್ ಹಾಕದ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಮನೆಗೆ ಒಯ್ಯುವುದು ಬೇಡ.

• ಡೇಟಾಬೇಸಿನ ಮೊತ್ತವೂ ಲೆಡ್ಜರಿನ ಮೊತ್ತವೂ ಪೂರ್ತಿ ಒಂದು ತಿಂಗಳು ಪ್ರತಿದಿನ ತಾಳೆಯಾಗುವ ತನಕ ಕೈಬರಹದ ಲೆಡ್ಜರನ್ನು ನಿಲ್ಲಿಸಬಾರದು.