ಗಡ್ಡೆ ಕುಗ್ಗಿದರೆ ಸಾಲದು, ಮಗಳೇ

ಪ್ರೀತಿಯ ಸಹನಾ,

ಕ್ಯಾನ್ಸರ್ ವಿಭಾಗದಲ್ಲಿ ನಿನಗೆ ಸೀಟು ಸಿಕ್ಕಿದ್ದು ಓದಿ ಮನಸ್ಸು ತುಂಬಿ ಬಂತು. ಸ್ಕ್ಯಾನಿನಲ್ಲಿ ಗಡ್ಡೆ ಅರ್ಧಕ್ಕೆ ಇಳಿದ ರೋಗಿಯ ಬಗ್ಗೆ ಎಷ್ಟು ಸಂಭ್ರಮದಿಂದ ಬರೆದಿದ್ದೀಯ! ಆ ಸಂಭ್ರಮ ಇರಲಿ. ಜೊತೆಗೆ ಜಠರ ಕ್ಯಾನ್ಸರ್ ಚಿಕಿತ್ಸೆಯ ಒಂದು ಹಳೆಯ ಪಾಠವೂ ನಿನಗೆ ಗೊತ್ತಿರಲಿ.

1980ರಲ್ಲಿ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಜಾನ್ ಮ್ಯಾಕ್‌ಡೊನಾಲ್ಡ್, ಫಿಲಿಪ್ ಶೈನ್ ಮತ್ತು ಸಂಗಡಿಗರು ಮೂರು ಔಷಧಗಳನ್ನು ಕೂಡಿಸಿ ಕೊಟ್ಟ ಫಲಿತಾಂಶ ಪ್ರಕಟಿಸಿದರು: ಫ್ಲೂರೋಯುರಾಸಿಲ್, ಅಡ್ರಿಯಾಮೈಸಿನ್, ಮೈಟೋಮೈಸಿನ್. ಚಿಕ್ಕದಾಗಿ ‘ಫ್ಯಾಮ್’. ಒಂದೊಂದೂ ಕ್ಯಾನ್ಸರ್ ಕೋಶವನ್ನು ಕೊಲ್ಲುವ ಬಗೆ ಬೇರೆ, ಕೊಡುವ ಕಾಟವೂ ಬೇರೆ. ಕೆಂಪು ಬಣ್ಣದ ಅಡ್ರಿಯಾಮೈಸಿನ್ ಕೂದಲು ಉದುರಿಸುತ್ತದೆ, ಒಟ್ಟು ಪ್ರಮಾಣ ಮೀರಿದರೆ ಹೃದಯವನ್ನೇ ಕೆಡಿಸುತ್ತದೆ. ಮೈಟೋಮೈಸಿನ್ ಅಸ್ಥಿಮಜ್ಜೆಯನ್ನು ಕುಗ್ಗಿಸುವುದು ವಾರಗಳು ಕಳೆದ ಮೇಲೆ. ಅದಕ್ಕೇ 8 ವಾರಗಳ ಸುತ್ತಿನಲ್ಲಿ ಅದನ್ನು ಒಂದೇ ಸಲ ಕೊಡುತ್ತಿದ್ದರು. 62 ರೋಗಿಗಳಲ್ಲಿ ಶೇ. 42 ಮಂದಿಯ ಗಡ್ಡೆ ಕುಗ್ಗಿತು. ಅವರ ಮಧ್ಯಾಂಕ ಆಯುಸ್ಸು 12.5 ತಿಂಗಳು, ಉಳಿದವರದು 3.5. ಫ್ಯಾಮ್ ಬೇಗ ಬಳಕೆಗೆ ಬಂತು.

ಆದರೆ ಹೋಲಿಸಿ ನೋಡಲು ಅಲ್ಲಿ ಬೇರೆ ಚಿಕಿತ್ಸೆಯ ಗುಂಪೇ ಇರಲಿಲ್ಲ. ಮೊದಲಿನಿಂದಲೂ ಗಟ್ಟಿಯಾಗಿದ್ದವರಿಗೇ ಔಷಧ ಹಿಡಿದಿರಬಹುದಲ್ಲವೇ? 1985ರಲ್ಲಿ ಮೇಯೊ ಕ್ಲಿನಿಕ್‌ನ ಚಾರ್ಲ್ಸ್ ಮೊರ್ಟೆಲ್ ಮತ್ತು ಸಂಗಡಿಗರು ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಗುಂಪುಗಳಿಗೆ ಹಂಚಿ ನೋಡಿದ ಫಲಿತಾಂಶ ಬಂತು. ಫ್ಲೂರೋಯುರಾಸಿಲ್ ಒಂದನ್ನೇ ಪಡೆದವರಿಗಿಂತ ಫ್ಯಾಮ್ ಪಡೆದವರು ಹೆಚ್ಚು ಕಾಲ ಬದುಕಲಿಲ್ಲ. ಕಾಟ ಮಾತ್ರ ಹೆಚ್ಚಿತ್ತು.

ಹಾಗೆಂದು ವೈದ್ಯರು ಕೈಚೆಲ್ಲಿ ಕೂರಲಿಲ್ಲ. 1995ರಲ್ಲಿ ಫಿನ್‌ಲೆಂಡ್‌ನವರು ಬೇರೊಂದು ಮೂರು ಔಷಧಗಳ ಜೋಡಣೆಯನ್ನು ಆರೈಕೆಯ ಜೊತೆ ಕೊಟ್ಟು, ಬರೀ ಆರೈಕೆ ಪಡೆದವರೊಂದಿಗೆ ಹೋಲಿಸಿದರು. ಔಷಧ ಪಡೆದವರ ಮಧ್ಯಾಂಕ ಆಯುಸ್ಸು 12.3 ತಿಂಗಳು, ಬರೀ ಆರೈಕೆಯವರದು 3.1. ಅಧ್ಯಯನ ಚಿಕ್ಕದು, ಹೋಲಿಕೆ ಮಾತ್ರ ನ್ಯಾಯವಾದದ್ದು.

ವಾರ್ಡಿನಲ್ಲಿ ರೋಗಿಯ ಮನೆಯವರು ಗಡ್ಡೆಯ ಅಳತೆ ಕೇಳುವುದಿಲ್ಲ ಸಹನಾ. “ಎಷ್ಟು ದಿನ ಇರ್ತಾರೆ ಡಾಕ್ಟ್ರೇ? ಊಟ ಸೇರುತ್ತಾ?” ಎಂದು ಕೇಳುತ್ತಾರೆ. ಹೊಸ ಔಷಧದ ವರದಿ ಕೈಗೆ ಬಂದಾಗಲೆಲ್ಲ ಈ ಎರಡು ಪ್ರಶ್ನೆಗೆ ಅದರಲ್ಲಿ ಉತ್ತರವಿದೆಯೇ, ಯಾರೊಂದಿಗೆ ಹೋಲಿಸಿದ್ದಾರೆ ಎಂದು ಮೊದಲು ಹುಡುಕು. ಆಮೇಲಷ್ಟೇ ಅವರಿಗೆ ಭರವಸೆಯ ಮಾತು ಕೊಡು.

ನಿನ್ನ ದೊಡ್ಡಪ್ಪ